ಪದವಿ ದಿನದ ಭಾಷಣ: ಬರೆದು ಓದುವುದೋ, ಚೀಟಿ ಹಿಡಿದು ಮಾತಾಡುವುದೋ?

ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯಲ್ಲಿ ಓದು ಮುಗಿಸಿ, ಗೆಳೆಯರ ಪರವಾಗಿ ಮಾತಾಡಬೇಕು, ಹೇಗೆ ತಯಾರಾಗಲಿ ಅಂತ ಕೇಳಿದ್ದೀರಿ.

ಮೊದಲು ಸಮಯ. ಐದು ನಿಮಿಷಕ್ಕೆ ಸುಮಾರು 400 ಪದ ಸಾಕು. ಪೂರ್ತಿ ಬರೆದರೆ ಸಮಯ ಹಿಡಿತದಲ್ಲಿರುತ್ತದೆ, ಯಾರ ಹೆಸರೂ ಬಿಟ್ಟುಹೋಗುವುದಿಲ್ಲ. ಬರೀ ಮುಖ್ಯ ಪದಗಳ ಚೀಟಿ ಹಿಡಿದರೆ ಮಾತು ಎಲ್ಲೆಲ್ಲಿಗೋ ಹೋಗಿಬಿಡಬಹುದು.

ಆದರೆ ಕೇಳುವವರ ಕಡೆಯಿಂದ ನೋಡಿ. ಹಿಂದಿನ ಸಾಲಲ್ಲಿ ಕೆ.ಆರ್. ಪೇಟೆಯಿಂದ ಬೆಳಗ್ಗೆಯೇ ಬಸ್ಸು ಹತ್ತಿ ಬಂದ ಅಮ್ಮ ಕೂತಿರುತ್ತಾರೆ, ಮಡಿಲಲ್ಲಿ ಮಲ್ಲಿಗೆಯ ಪೊಟ್ಟಣ. ಹಾಳೆಯಿಂದ ತಲೆ ಎತ್ತದೆ ಓದಿದರೆ ಅವರಿಗೆ ಏನೂ ತಲುಪುವುದಿಲ್ಲ, ಅಲ್ವಾ? ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1916ರಲ್ಲಿ ವಿಶ್ವವಿದ್ಯಾನಿಲಯ ಶುರುವಾದ ಕಥೆಯನ್ನು ಅತಿಥಿಗಳು ಹೇಳಲಿ. ನೀವು ಹಾಸ್ಟೆಲಿನ ಕಥೆ ಹೇಳಿ, ಅಮ್ಮಂದಿರು ಕಟ್ಟಿಕೊಟ್ಟ ಚಟ್ನಿಪುಡಿ ಡಬ್ಬಿಯ ಕಥೆ ಹೇಳಿ. ಅಂಥದಕ್ಕೆ ಚೀಟಿಯೇ ಚೆಂದ.

ಬಾಯಿಪಾಠ? ನಾಟಕ, ಚರ್ಚಾಸ್ಪರ್ಧೆ ಮಾಡಿ ಅಭ್ಯಾಸವಿದ್ದರೆ ಮಾತ್ರ. ಒಂದು ಸಾಲು ಮರೆತರೆ ಮುಂದಿನದೂ ಹೋಗುತ್ತದೆ.

ವೇದಿಕೆ ಹೊಸದು, ಕೈ ನಡುಗುತ್ತದೆ ಅಂದರೆ ದಪ್ಪ ಅಕ್ಷರದಲ್ಲಿ ಪೂರ್ತಿ ಬರೆದುಕೊಳ್ಳಿ. ಮೊದಲ ಎರಡು, ಕೊನೆಯ ಎರಡು ಸಾಲು ಮಾತ್ರ ನೋಡದೆ ಹೇಳಿ. ಮಾತು ಸಲೀಸಾಗಿ ಬರುತ್ತದೆ ಅಂದರೆ ಚೀಟಿಯಲ್ಲಿ ಐದೇ ಪದ ಸಾಕು. ಭಾಷಣ ಮೊದಲೇ ತೋರಿಸಿ ಅಂತ ವಿಭಾಗದವರು ಕೇಳಿದರೆ ಮಾತ್ರ, ಬರೆಯಲೇಬೇಕು.