‘ಎಲ್ಲ ಚಾನೆಲ್ ಫ್ರೀ’ ಡಬ್ಬಿಯನ್ನು ಮನೆಯ ವೈಫೈಗೆ ಜೋಡಿಸಬೇಡಿ

ಪುಣೆಯ ಕನ್ನಡಿಗರು, ಅದರಲ್ಲೂ ವಯಸ್ಸಾದ ತಂದೆ-ತಾಯಿ ಇರುವ ಮನೆಯವರು, ದಯವಿಟ್ಟು ಇದನ್ನು ಪೂರ್ತಿ ಓದಿ. ‘ಒಂದೇ ಸಲ ದುಡ್ಡು ಕೊಡಿ, ಕನ್ನಡದ ಎಲ್ಲ ಚಾನೆಲ್ಲು, ಸಿನಿಮಾ ಕಾಯಂ ಫ್ರೀ’ ಎನ್ನುತ್ತ ಹೆಸರಿಲ್ಲದ ಆಂಡ್ರಾಯ್ಡ್ ಟಿವಿ ಬಾಕ್ಸ್ ಮಾರುವವರು ಬಂದರೆ ಬಾಗಿಲಲ್ಲೇ ಬೇಡ ಅನ್ನಿ.

ಸಿಂಹಗಡ ರಸ್ತೆಯಲ್ಲಿರುವ ನಮ್ಮ ಮಾಮಾನ ಮನೆಗೆ ಅಂಥದ್ದೊಂದನ್ನು ಆ ಭಾಗದ ಕೇಬಲ್‌ನವನೇ ತಂದು ಹಚ್ಚಿಕೊಟ್ಟಿದ್ದ. ಮಾಮಿಗೆ ಧಾರಾವಾಹಿ, ಮಾಮಾಗೆ ಊರಿನ ನ್ಯೂಸ್, ಇಬ್ಬರಿಗೂ ಖುಷಿ. ಹಚ್ಚುವಾಗ ಅವನು ಪೆನ್‌ಡ್ರೈವ್‌ನಿಂದ ಏನೇನೋ ಆ್ಯಪ್ ಹಾಕಿದ, ಕೆಟ್ಟ ಆ್ಯಪ್ ಹಿಡಿಯುವ ಗೂಗಲ್‌ನ ಕಾವಲು ‘ಪ್ಲೇ ಪ್ರೊಟೆಕ್ಟ್’ ಬಂದ್ ಮಾಡಿದ, ಮಾಮಾನ ಜಿಮೇಲ್ ಪಾಸ್‌ವರ್ಡ್ ಕೇಳಿ ತಾನೇ ಒತ್ತಿದ. ಎಪ್ಪತ್ತು ದಾಟಿದವರ ನಂಬಿಕೆಯನ್ನು ಹೀಗೆ ಬಳಸಿಕೊಂಡದ್ದಕ್ಕೆ ನನಗೆ ಇನ್ನೂ ಸಿಟ್ಟಿದೆ.

ಆಮೇಲೆ ಮನೆಯಲ್ಲಿ ಯಾರು ಗೂಗಲ್ ತೆರೆದರೂ ‘ನೀವು ರೋಬೋಟ್ ಅಲ್ಲವೆಂದು ತೋರಿಸಿ’ ಎಂಬ ಕಾಟ ಶುರುವಾಯಿತು. ರಾತ್ರಿ ನೆಟ್ ತೆವಳುತ್ತಿತ್ತು. ಕೊನೆಗೆ, ಮನೆಯಿಂದಲೇ ಕೆಲಸ ಮಾಡುವ ಮಾಮಾನ ಮಗಳ ಲಾಗಿನ್ ಅನ್ನು ಅವಳ ಕಂಪನಿ ತಡೆಹಿಡಿಯಿತು. ಅವಳ ಮನೆಯ ಐಪಿ ವಿಳಾಸದಿಂದ (ಇಂಟರ್‌ನೆಟ್‌ನಲ್ಲಿ ಆ ಮನೆಯ ಸಂಪರ್ಕವನ್ನು ಗುರುತಿಸುವ ಸಂಖ್ಯೆ) ಬೇರೆ ಬೇರೆ ಸೈಟುಗಳಿಗೆ ಕಳ್ಳ ಲಾಗಿನ್ ಪ್ರಯತ್ನ ನಡೆದಿದೆಯೆಂದು ಕಾರಣ ಕೊಟ್ಟರು. ಏನೂ ಮಾಡದ ಹುಡುಗಿ ಮ್ಯಾನೇಜರ್ ಮುಂದೆ ಸಮಜಾಯಿಷಿ ಕೊಡಬೇಕಾಯಿತು.

ನಾನು ಹೋಗಿ ರೂಟರಿನ ಪುಟ ತೆರೆದೆ. ಟಿವಿ ಆಫ್ ಆಗಿತ್ತು, ಡಬ್ಬಿಯ ನೀಲಿ ದೀಪ ಮಾತ್ರ ಉರಿಯುತ್ತಿತ್ತು. ಸಿನಿಮಾ ತೋರಿಸುವ ಡಬ್ಬಿ ಡೇಟಾ ಇಳಿಸಿಕೊಳ್ಳಬೇಕು ತಾನೆ? ಇದರ ಸಾಲಿನಲ್ಲಿ ಅಪ್‌ಲೋಡ್, ಅಂದರೆ ಹೊರಗೆ ಕಳಿಸಿದ ಡೇಟಾದ ಅಂಕಿ ಏರುತ್ತಲೇ ಇತ್ತು. ಪ್ಲಗ್ ಕಿತ್ತ ಕೂಡಲೇ ನಿಂತಿತು. “ಟಿವಿನೇ ಬಂದ್ ಅದಲ್ಲೋ, ಅದು ಯಾರ ಜೋಡಿ ಮಾತಾಡ್ಲಿಕತ್ತದ?” ಅಂತ ಮಾಮಾ ಕೇಳಿದ್ದು ಸರಿಯಾದ ಪ್ರಶ್ನೆ.

ಲಕ್ಷಣಗಳೆಲ್ಲ ಹೊಂದುವುದು ‘ರೆಸಿಡೆನ್ಶಿಯಲ್ ಪ್ರಾಕ್ಸಿ’ ದಂಧೆಗೆ. ಡಬ್ಬಿಯೊಳಗಿನ ಮಾಲ್‌ವೇರ್, ಅಂದರೆ ಕೇಡಿನ ಸಾಫ್ಟ್‌ವೇರ್, ನಮ್ಮ ಇಂಟರ್‌ನೆಟ್ ಸಂಪರ್ಕವನ್ನು ಗುರುತಿಲ್ಲದವರಿಗೆ ಬಾಡಿಗೆಗೆ ಬಿಡುತ್ತದೆ. ಯಾರೋ ಬೆದರಿಕೆ ಪತ್ರ ಬರೆದು ಕೆಳಗೆ ನಮ್ಮ ಮನೆಯ ವಿಳಾಸ ಹಾಕಿದಂತೆ; ವಿಚಾರಣೆಗೆ ಮೊದಲು ತಟ್ಟುವುದು ನಮ್ಮ ಬಾಗಿಲನ್ನೇ. ಇದು ನನ್ನ ಊಹೆಯ ಭಯವಲ್ಲ. 2024ರ ಡಿಸೆಂಬರಿನಲ್ಲಿ ಜರ್ಮನಿಯ ಸೈಬರ್ ಭದ್ರತಾ ಸಂಸ್ಥೆ, ಮಾರಾಟಕ್ಕೆ ಮೊದಲೇ ‘ಬ್ಯಾಡ್‌ಬಾಕ್ಸ್’ ಎಂಬ ಮಾಲ್‌ವೇರ್ ತುಂಬಿದ್ದ ಸುಮಾರು 30,000 ಸಾಧನಗಳಿಗೂ ಅವನ್ನು ಆಡಿಸುತ್ತಿದ್ದ ಸರ್ವರ್‌ಗಳಿಗೂ ನಡುವಿನ ಸಂಪರ್ಕ ಕತ್ತರಿಸಿತು. 2025ರ ಜೂನ್‌ನಲ್ಲಿ ಅಮೆರಿಕದ ಎಫ್‌ಬಿಐ ‘ಬ್ಯಾಡ್‌ಬಾಕ್ಸ್ 2.0’ ಬಗ್ಗೆ ಸಾರ್ವಜನಿಕ ಎಚ್ಚರಿಕೆ ಕೊಟ್ಟಿತು. ಮರುತಿಂಗಳು ಗೂಗಲ್ ಇದರ ಹಿಂದಿರುವವರ ಮೇಲೆ ಮೊಕದ್ದಮೆ ಹೂಡಿತು. ಗೂಗಲ್‌ನ ಪ್ರಮಾಣೀಕರಣವಿಲ್ಲದ 1 ಕೋಟಿಗೂ ಹೆಚ್ಚು ಸಾಧನಗಳು ಈ ಜಾಲಕ್ಕೆ ಬಿದ್ದಿವೆ ಎಂಬುದು ಅದರ ಆರೋಪ. ಎಫ್‌ಬಿಐ ಹೇಳಿದ ಗುರುತುಗಳಲ್ಲಿ ಪ್ಲೇ ಪ್ರೊಟೆಕ್ಟ್ ಬಂದ್ ಮಾಡಿಸುವುದು, ಎಲ್ಲ ಫ್ರೀ ಎನ್ನುವುದು, ಕೇಳದ ಬ್ರ್ಯಾಂಡ್, ಗೊತ್ತಿಲ್ಲದ ಆ್ಯಪ್ ಅಂಗಡಿ ಎಲ್ಲವೂ ಇವೆ. ಮಾಮಾನ ಮನೆಯಲ್ಲಿ ಆದದ್ದೂ ಅದೇ.

ಮನೆಯಲ್ಲಿ ಈಗಾಗಲೇ ಬಾಕ್ಸ್ ಇದ್ದರೆ ಪ್ಲೇ ಸ್ಟೋರ್ ಸೆಟ್ಟಿಂಗ್ಸ್‌ನ ‘ಅಬೌಟ್’ನಲ್ಲಿ ಸಾಧನ ಪ್ರಮಾಣೀಕೃತವೋ ಇಲ್ಲವೋ ನೋಡಿ. ಇಲ್ಲವೆಂದಿದ್ದರೆ ಫ್ಯಾಕ್ಟರಿ ರೀಸೆಟ್ ಮಾಡಿ ಸುಮ್ಮನಾಗಬೇಡಿ. ಮಾಲ್‌ವೇರ್ ಫರ್ಮ್‌ವೇರ್‌ನಲ್ಲೇ (ಸಾಧನದೊಳಗೇ ತುಂಬಿ ಕೊಡುವ ಮೂಲ ಸಾಫ್ಟ್‌ವೇರ್) ಕೂತಿದ್ದರೆ ರೀಸೆಟ್ ಆದ ಮೇಲೂ ಅದು ಅಲ್ಲೇ ಇರುತ್ತದೆ. ಪ್ಲಗ್ ಕಿತ್ತುಬಿಡಿ. ಮತ್ತೊಬ್ಬರಿಗೆ ಕೊಡಲೂ ಬೇಡಿ. ನಾವು ಜಿಮೇಲ್ ಮತ್ತು ವೈಫೈ ಪಾಸ್‌ವರ್ಡ್ ಎರಡನ್ನೂ ಬದಲಿಸಿ, ಗೂಗಲ್ ಖಾತೆಯ ಸಾಧನಗಳ ಪಟ್ಟಿಯಿಂದ ಆ ಡಬ್ಬಿಯನ್ನು ತೆಗೆದುಹಾಕಿದೆವು. ಹಣವೇನಾದರೂ ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಹೆಸರಾಂತ ಕಂಪನಿಯ ಸ್ಮಾರ್ಟ್ ಟಿವಿಗಳೂ ಏನೂ ಸಾಧುವಲ್ಲ, ಆದರೆ ಅವುಗಳ ಕಥೆ ಬೇರೆ. ಪರದೆಯ ಮೇಲಿನ ದೃಶ್ಯದ ತುಣುಕು ಹಿಡಿದು ನೀವು ಏನು ನೋಡುತ್ತೀರೆಂದು ಗುರುತಿಸುವ ಏರ್ಪಾಡು ಅಂಥ ಹಲವು ಟಿವಿಗಳಲ್ಲಿರುತ್ತದೆ. ವೀಕ್ಷಕರ ಒಪ್ಪಿಗೆಯಿಲ್ಲದೆ 1.1 ಕೋಟಿ ಟಿವಿಗಳಿಂದ ಈ ಮಾಹಿತಿ ಸಂಗ್ರಹಿಸಿದ ಪ್ರಕರಣದಲ್ಲಿ ಅಮೆರಿಕದ ವಿಜಿಯೊ ಕಂಪನಿ 2017ರಲ್ಲಿ 22 ಲಕ್ಷ ಡಾಲರ್ ಕಟ್ಟಿತ್ತು. ಸ್ಯಾಮ್‌ಸಂಗ್‌ನಲ್ಲಿ ‘ವ್ಯೂಯಿಂಗ್ ಇನ್ಫರ್ಮೇಷನ್ ಸರ್ವಿಸಸ್’, ಎಲ್‌ಜಿಯಲ್ಲಿ ‘ಲೈವ್ ಪ್ಲಸ್’ ಎಂದಿರುವುದನ್ನು ಆಫ್ ಮಾಡಿ. ಚಾನೆಲ್ಲುಗಳು ಮೊದಲಿನಂತೆಯೇ ಬರುತ್ತವೆ.