ಹತ್ತು ಪೆಲೆಟ್ ಮ್ಯಾಗಜಿನ್‌ನ ಪಿಸಿಪಿ ಏರ್ ರೈಫಲ್: ದೀರ್ಘ ಬಳಕೆಯ ವಿಮರ್ಶೆ, ಮುಖ್ಯವಾಗಿ ಪೆಲೆಟ್ ಸಿಕ್ಕಿಕೊಳ್ಳುವ ತೊಂದರೆ ಕುರಿತು

ಇದು 0.177 ಇಂಚು ಬೋರಿನ (ಬ್ಯಾರಲ್ ಒಳವ್ಯಾಸ), ಸೈಡ್ ಲಿವರ್ ಇರುವ ಪಿಸಿಪಿ ಏರ್ ರೈಫಲ್, ಅಂದರೆ ಸಿಲಿಂಡರಿನಲ್ಲಿ ಮೊದಲೇ ತುಂಬಿಟ್ಟ ಒತ್ತಡದ ಗಾಳಿಯಿಂದ ಪೆಲೆಟ್ (ಸೀಸದ ಸಣ್ಣ ಗುಂಡು) ಹೊಡೆಯುವ ರೈಫಲ್. ಸಿಲಿಂಡರಿಗೆ 200 ಬಾರ್‌ವರೆಗೆ ಗಾಳಿ ತುಂಬಬಹುದು. ಹತ್ತು ಪೆಲೆಟ್ ಹಿಡಿಯುವ ದುಂಡನೆಯ ಮ್ಯಾಗಜಿನ್ ಎರಡು, ಒಂದೊಂದೇ ಪೆಲೆಟ್ ಇಟ್ಟು ಹೊಡೆಯಲು ಸಿಂಗಲ್ ಶಾಟ್ ಟ್ರೇ ಒಂದು ಜೊತೆಗೆ ಬರುತ್ತವೆ. ಕಂಪನಿಯ ಹೆಸರಿಗಿಂತ ಇಲ್ಲಿ ವಿನ್ಯಾಸವೇ ಮುಖ್ಯ. ಸ್ಪ್ರಿಂಗ್ ಸುತ್ತಿದ ಇದೇ ಬಗೆಯ ಡ್ರಮ್ ಮ್ಯಾಗಜಿನ್ ಬೇರೆ ಹಲವು ರೈಫಲ್‌ಗಳಲ್ಲೂ ಇರುವುದರಿಂದ ಕೆಳಗಿನ ಮಾತು ಅವಕ್ಕೂ ಹೊಂದುತ್ತದೆ.

ಬ್ಯಾರಲ್ ಚೆನ್ನಾಗಿದೆ, ಟ್ರಿಗರ್ ಚೆನ್ನಾಗಿದೆ. ಒಪ್ಪುವ ಪೆಲೆಟ್ ಸಿಕ್ಕಿದರೆ 10 ಮೀಟರ್‌ನಲ್ಲಿ ಒಂದೇ ತೂತು ಸ್ವಲ್ಪ ಸ್ವಲ್ಪವೇ ಅಗಲವಾಗುತ್ತಾ ಹೋಗುತ್ತದೆ. ಅಂಕ ಕಳೆಯಬೇಕಾಗಿರುವುದು ಮ್ಯಾಗಜಿನ್‌ಗೆ. ಹೊಸದರಲ್ಲಿ ಬೆಣ್ಣೆಯಂತೆ ಓಡುತ್ತದೆ. ಬಳಸುತ್ತಾ ಬಂದಂತೆ ಡ್ರಮ್ (ಪೆಲೆಟ್ ಹಿಡಿದಿರುವ ಒಳಗಿನ ಚಕ್ರ) ತಿರುಗದಿರುವುದು, ಲಿವರ್ ಅರ್ಧಕ್ಕೆ ನಿಲ್ಲುವುದು, ಪೆಲೆಟ್ ಓರೆಯಾಗಿ ಜಜ್ಜಿಹೋಗುವುದು ಶುರುವಾಗುತ್ತದೆ. ಹೀಗಾದ ಕೂಡಲೇ ಬಹಳ ಜನ ಲಿವರನ್ನು ಇನ್ನಷ್ಟು ಜೋರಾಗಿ ತಳ್ಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಪೆಲೆಟ್ಟನ್ನು ತಳ್ಳುವ ಪ್ರೋಬ್ ಸಣ್ಣ ಕಂಬಿ. ಅದು ಕೂದಲೆಳೆಯಷ್ಟು ಬಾಗಿದರೂ ಮುಂದಿನ ಪ್ರತಿ ಪೆಲೆಟ್ ಓರೆಯಾಗಿಯೇ ಕೂರುತ್ತದೆ. ಹೊಸ ಮ್ಯಾಗಜಿನ್ ಸುಲಭವಾಗಿ ಸಿಗುತ್ತದೆ, ಪ್ರೋಬ್ ಹಾಗೆ ಸಿಗುವುದಿಲ್ಲ.

ತೊಂದರೆ ಎಲ್ಲಿದೆ ಎಂದು ಕೈಯೇ ಹೇಳುತ್ತದೆ. ಲಿವರನ್ನು ಪೂರ್ತಿ ಹಿಂದಕ್ಕೆಳೆದು, ಎರಡೇ ಬೆರಳಿನಲ್ಲಿ ನಿಧಾನವಾಗಿ ಮುಂದಕ್ಕೆ ತನ್ನಿ. ಈ ಓಟದಲ್ಲಿ ಮೂರು ಘಟ್ಟಗಳಿವೆ. ಮೊದಲ ಘಟ್ಟದಲ್ಲಿ ಪ್ರೋಬ್ ಮ್ಯಾಗಜಿನ್ನೊಳಗೆ ಹೋಗುತ್ತದೆ. ನಡುವಿನಲ್ಲಿ ಪೆಲೆಟ್ ಡ್ರಮ್ ಬಿಟ್ಟು ಬ್ಯಾರಲ್ ಬಾಯಿಗೆ ದಾಟುತ್ತದೆ. ಕೊನೆಯಲ್ಲಿ ಪೆಲೆಟ್‌ನ ತಲೆ ರೈಫ್ಲಿಂಗ್‌ಗೆ (ಬ್ಯಾರಲ್ ಒಳಗಿನ ಸುರುಳಿ ಗೆರೆಗಳಿಗೆ) ಕಚ್ಚಿಕೊಂಡು, ಪ್ರೋಬಿನ ಓ-ರಿಂಗ್ (ರಬ್ಬರ್ ಬಳೆ) ಬ್ರೀಚನ್ನು, ಅಂದರೆ ಬ್ಯಾರಲ್‌ನ ಹಿಂದಿನ ಬಾಯನ್ನು, ಮುಚ್ಚುತ್ತದೆ. ಕೊನೆಯಲ್ಲಿ ಸಣ್ಣ ಬಿಗಿ ಇರುವುದು ಸಹಜ, ಇರಲೂಬೇಕು. ಮೊದಲೆರಡು ಘಟ್ಟಗಳಲ್ಲಿ ಏನೂ ತಡೆ ಸಿಗಬಾರದು.

ಮೊದಲ ಘಟ್ಟದಲ್ಲೇ ಠಕ್ಕೆಂದು ನಿಂತರೆ ಡ್ರಮ್ ಪೂರ್ತಿ ತಿರುಗಿಲ್ಲ, ಪ್ರೋಬ್ ಎರಡು ಕುಳಿಗಳ ನಡುವಿನ ಗೋಡೆಗೆ ಬಡಿಯುತ್ತಿದೆ ಎಂದರ್ಥ. ಮ್ಯಾಗಜಿನ್ ಹೊರತೆಗೆದು ಖಾಲಿ ಮಾಡಿ, ಪಾರದರ್ಶಕ ಮುಚ್ಚಳವನ್ನು ಕೊನೆಯವರೆಗೆ ತಿರುಗಿಸಿ ಬಿಡಿ. ಡ್ರಮ್ ಚಟ್ಟನೆ ಒಂದೇ ಸಲಕ್ಕೆ ವಾಪಸ್ ಬರಬೇಕು. ಎಳೆದೆಳೆದು ಬಂದರೆ ಒಳಗೆ ಸೀಸದ ಪುಡಿ ಸೇರಿದೆ, ಇಲ್ಲವೇ ಯಾರೋ ಎಣ್ಣೆ ಬಿಟ್ಟಿದ್ದಾರೆ. ಎಣ್ಣೆ ಈ ಮ್ಯಾಗಜಿನ್ನಿನ ಶತ್ರು: ಸೀಸದ ಪುಡಿ, ಧೂಳು ಎಲ್ಲವನ್ನೂ ಹಿಡಿದು ಅಂಟು ಮಾಡಿಬಿಡುತ್ತದೆ.

ಬಿಚ್ಚುವಾಗ ಅಗಲ ತಟ್ಟೆಯೊಳಗೆ ಇಟ್ಟುಕೊಂಡು ಬಿಚ್ಚಿ. ಒಳಗಿನ ಸ್ಪ್ರಿಂಗ್ ಹಾರಿ ಸೋಫಾ ಕೆಳಗೆ ಹೋದರೆ ಅರ್ಧ ದಿನ ಹುಡುಕಬೇಕಾಗುತ್ತದೆ. ನಡುವಿನ ಸ್ಕ್ರೂ ತೆಗೆಯುವ ಮೊದಲು ಸ್ಪ್ರಿಂಗಿನ ಎರಡು ತುದಿಗಳು ಯಾವ ತೂತಿನಲ್ಲಿವೆ ಎಂದು ಫೋನಿನಲ್ಲಿ ಫೋಟೊ ತೆಗೆದುಕೊಳ್ಳಿ. ಮುಚ್ಚಳವನ್ನು ಉಗುರುಬೆಚ್ಚಗಿನ ಸೋಪು ನೀರಲ್ಲಿ ತೊಳೆದರೆ ಸಾಕು. ಸ್ಪಿರಿಟ್, ಥಿನ್ನರ್ ತಾಗಿಸಿದರೆ ಪಾರದರ್ಶಕ ಪ್ಲಾಸ್ಟಿಕ್ ಬಿರುಕು ಬಿಡುವ ಸಾಧ್ಯತೆ ಇದೆ. ಲೋಹದ ಡ್ರಮ್ ಆದರೆ ಅದನ್ನು ಮಾತ್ರ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಇಯರ್ ಬಡ್‌ನಿಂದ ಕುಳಿ ಕುಳಿಯಾಗಿ ಒರೆಸಿ. ಒಳಗೆ ರಬ್ಬರ್ ರಿಂಗ್ ಇದ್ದರೆ ಮೊದಲು ಅದನ್ನು ತೆಗೆದಿಡಿ. ಪೂರ್ತಿ ಒಣಗಿದ ಮೇಲೆ, ತಿರುಗುವ ಮೇಲ್ಮೈಗೆ ಚಿಟಿಕೆಗಿಂತ ಕಡಿಮೆ ಗ್ರಾಫೈಟ್ ಪುಡಿ ಸವರಿ. ಅದೂ ಬೇಡವೆಂದರೆ ಒಣಗಿದ್ದರೂ ಚೆನ್ನಾಗಿಯೇ ಓಡುತ್ತದೆ.

ಮತ್ತೆ ಜೋಡಿಸುವಾಗ ತಪ್ಪಾಗುವುದು ನಡುವಿನ ಸ್ಕ್ರೂವಿನಲ್ಲಿ. ಪೂರ್ತಿ ಬಿಗಿ ಮಾಡಿದರೆ ಮುಚ್ಚಳ ಡ್ರಮ್ಮನ್ನು ಒತ್ತಿ ಹಿಡಿಯುತ್ತದೆ, ಸ್ಪ್ರಿಂಗ್ ಎಷ್ಟೇ ಹೊಸದಾಗಿದ್ದರೂ ತಿರುಗುವುದಿಲ್ಲ. ಬಿಗಿ ಸಿಗುವವರೆಗೆ ತಿರುಗಿಸಿ, ಅಲ್ಲಿಂದ ಕಾಲು ಸುತ್ತು ಸಡಿಲಿಸಿ, ಡ್ರಮ್ ಓಡಿಸಿ ನೋಡಿ. ಸ್ಕ್ರೂ ತಾನಾಗಿಯೇ ಸಡಿಲವಾಗುತ್ತದೆಂದು ಥ್ರೆಡ್ ಲಾಕರ್ ಹಾಕುವವರಿದ್ದಾರೆ. ಲೋಹಕ್ಕೆಂದು ಮಾಡಿದ ಆ ದ್ರವ ಕೆಲವು ಪ್ಲಾಸ್ಟಿಕ್‌ಗಳನ್ನು ಸೀಳಿಬಿಡುತ್ತದೆ; ಸ್ಕ್ರೂ ತಲೆಯ ಅಂಚಿಗೆ ಒಂದು ತೊಟ್ಟು ನೇಲ್ ಪಾಲಿಶ್ ಸಾಕು. ಎಲ್ಲ ಸರಿ ಇದ್ದೂ ಕೊನೆಯ ಎರಡು ಮೂರು ಪೆಲೆಟ್‌ಗಳ ಹೊತ್ತಿಗೆ ಡ್ರಮ್ ಸೋಮಾರಿಯಾದರೆ ಸ್ಪ್ರಿಂಗ್ ದಣಿದಿದೆ. ಮ್ಯಾಗಜಿನ್ ತುಂಬಿಟ್ಟೇ ತಿಂಗಳುಗಟ್ಟಲೆ ಇಟ್ಟರೆ ಹೀಗಾಗುವುದು ಬೇಗ. ಹೊಸ ಸ್ಪ್ರಿಂಗ್ ಹಾಕುವುದೇ ಸರಿಯಾದ ದಾರಿ. ಹಳೆಯದಕ್ಕೇ ಇನ್ನೊಂದು ಸುತ್ತು ಬಿಗಿ ಕೊಟ್ಟರೆ ಸ್ವಲ್ಪ ದಿನ ನಡೆಯುತ್ತದೆ, ಆಮೇಲೆ ತುದಿಯ ಕೊಕ್ಕೆಯೇ ಮುರಿಯುತ್ತದೆ.

ನಡುವಿನ ಘಟ್ಟದಲ್ಲಿ ತಡೆ ಸಿಕ್ಕರೆ ವಿಷಯ ಸ್ವಲ್ಪ ಸೂಕ್ಷ್ಮ. ಮೊದಲು ಮ್ಯಾಗಜಿನ್ ತೆಗೆದು ಸಿಂಗಲ್ ಶಾಟ್ ಟ್ರೇ ಹಾಕಿ ಅದೇ ಡಬ್ಬಿಯ ಪೆಲೆಟ್ ಒಂದನ್ನು ತಳ್ಳಿ ನೋಡಿ. ಸಲೀಸಾಗಿ ಹೋದರೆ ಬ್ಯಾರಲ್, ಪ್ರೋಬ್ ಎರಡೂ ಸರಿ, ತಪ್ಪು ಮ್ಯಾಗಜಿನ್ನಿನದು. ಟ್ರೇಯಲ್ಲೂ ತಡೆ ಇದ್ದರೆ ಮ್ಯಾಗಜಿನ್ ಬಿಚ್ಚುವುದರಲ್ಲಿ ಅರ್ಥವಿಲ್ಲ. ಇಷ್ಟನ್ನು ಮೊದಲೇ ನೋಡಿಕೊಂಡರೆ ಎಷ್ಟೋ ಬಿಚ್ಚಾಟ ಉಳಿಯುತ್ತದೆ. ಎರಡು ಮ್ಯಾಗಜಿನ್‌ಗಳಿಗೂ 1, 2 ಎಂದು ಗುರುತು ಹಾಕಿಡಿ. ಒಂದರಲ್ಲಿ ಮಾತ್ರ ತೊಂದರೆ ಬಂದರೆ ಆಗಲೇ ಗೊತ್ತಾಗಿಬಿಡುತ್ತದೆ.

ತಪ್ಪು ಯಾವ ಕಡೆಗಿದೆ ಎಂದು ಪೆಲೆಟ್ಟೇ ತೋರಿಸಿಕೊಡುತ್ತದೆ. ಮ್ಯಾಗಜಿನ್‌ನಲ್ಲಿ ಒಂದೇ ಪೆಲೆಟ್ ತುಂಬಿ, ಹೊಡೆಯುವ ತೂತಿನ ಎದುರಿಗಿರುವ ಅದರ ಮೇಲ್ಭಾಗಕ್ಕೆ ಮಾರ್ಕರ್ ಪೆನ್ನಿನಲ್ಲಿ ಚುಕ್ಕಿ ಇಡಿ. ಲಿವರನ್ನು ನಿಧಾನವಾಗಿ ಪೂರ್ತಿ ಮುಂದಕ್ಕೆ ತನ್ನಿ. ಈಗ ಮತ್ತೆ ಹಿಂದಕ್ಕೆಳೆದು ಮ್ಯಾಗಜಿನ್ ತೆಗೆಯಿರಿ, ಮ್ಯಾನುಯಲ್‌ನಲ್ಲಿ ಹೇಳಿದ ಕ್ರಮದಲ್ಲಿ ಡೀಕಾಕ್ ಮಾಡಿ (ಹೊಡೆಯಲು ಸಿದ್ಧವಾಗಿರುವುದನ್ನು ಹೊಡೆಯದೇ ಇಳಿಸಿ), ಬ್ರೀಚ್ ತೆರೆದಿಟ್ಟು, ಪ್ಲಾಸ್ಟಿಕ್ ಹೊದಿಕೆಯ ಕ್ಲೀನಿಂಗ್ ರಾಡನ್ನು ಬ್ಯಾರಲ್‌ನ ಮುಂದಿನ ತುದಿಯಿಂದ ಹಾಕಿ ಪೆಲೆಟ್ಟನ್ನು ಹಿಂದಕ್ಕೆ ತಳ್ಳಿ ತೆಗೆಯಿರಿ. ರಾಡ್ ಬ್ಯಾರಲ್ ಒಳಗಿರುವಾಗ ರೈಫಲ್ ಕಾಕ್ ಆಗಿರಬಾರದು, ಕೈ ಬ್ಯಾರಲ್‌ನ ಮುಂದಿನ ತುದಿಗೆ ಅಡ್ಡ ಬರಬಾರದು. ಡೀಕಾಕ್ ಮಾಡಲಾಗದ ಮಾದರಿಯಾದರೆ ಈ ಪರೀಕ್ಷೆಯನ್ನು ಸಿಲಿಂಡರಿನ ಗಾಳಿ ಪೂರ್ತಿ ಬಿಟ್ಟ ಮೇಲೇ ಮಾಡಿ.

ಹೊರಬಂದ ಪೆಲೆಟ್ಟನ್ನು ಭೂತಕನ್ನಡಿಯಲ್ಲಿ ನೋಡಿ. ತಲೆಯ ಸುತ್ತ ರೈಫ್ಲಿಂಗ್ ಗೆರೆಗಳು ಒಂದೇ ಸಮ ಬಿದ್ದಿದ್ದರೆ ಎಲ್ಲ ಸರಿ. ಒಂದೇ ಕಡೆ ಸೀಸ ಹೆರೆದು, ಸಣ್ಣ ಸಿಪ್ಪೆ ಎದ್ದಿದ್ದರೆ ಪೆಲೆಟ್ ಬ್ಯಾರಲ್ ಬಾಯಿಯ ಅಂಚಿಗೆ ಉಜ್ಜಿಕೊಂಡು ಹೋಗಿದೆ. ಸಿಪ್ಪೆ ಚುಕ್ಕಿಯ ಕಡೆಗೇ ಇದ್ದರೆ ಮ್ಯಾಗಜಿನ್ ಎತ್ತರದಲ್ಲಿ ಕೂತಿದೆ. ಎದುರು ಕಡೆಗಿದ್ದರೆ ತಗ್ಗಿನಲ್ಲಿ. ಎತ್ತರದಲ್ಲಿ ಕೂರುವುದಕ್ಕೆ ಸಾಮಾನ್ಯ ಕಾರಣ ಮ್ಯಾಗಜಿನ್ ಕೂರುವ ಸ್ಲಾಟಿನ ತಳದಲ್ಲಿ ಒತ್ತಿಕೊಂಡು ಕೂತ ಸೀಸದ ಚೂರುಗಳು. ಕಣ್ಣಿಗೆ ಕಾಣದಷ್ಟು ತೆಳುವಾದ ಪದರವೂ ಸಾಕು. ಕ್ಯಾಮೆರಾ ಬ್ಲೋವರ್‌ನಲ್ಲಿ ಊದಿ, ಹಲ್ಲುಕಡ್ಡಿಯಿಂದ ಮೂಲೆ ಕೆರೆದು ತೆಗೆಯಿರಿ. ಸ್ಕ್ರೂಡ್ರೈವರ್ ತುದಿ ಬೇಡ. ತಲೆ ಸರಿಯಿದ್ದು ಹಿಂದಿನ ಸ್ಕರ್ಟ್ (ಪೆಲೆಟ್‌ನ ಟೊಳ್ಳಾದ ಬಾಲ) ಮಾತ್ರ ಒಂದು ಕಡೆ ತಗ್ಗಾಗಿದ್ದರೆ ಪ್ರೋಬ್ ನಡುವಿಗೆ ತಾಗುತ್ತಿಲ್ಲ. ಪ್ರೋಬನ್ನು ಗಾಜಿನ ಮೇಲೆ ಉರುಳಿಸಿ ನೋಡಿದರೆ ಬಾಗಿದೆಯೋ ಇಲ್ಲವೋ ತಿಳಿಯುತ್ತದೆ.

ಸಿಪ್ಪೆ ಎಲ್ಲ ಸುತ್ತಲೂ ಏಳುತ್ತಿದ್ದರೆ ಬ್ಯಾರಲ್ ಬಾಯಿಯ ಅಂಚೇ ಹರಿತವಾಗಿದೆ. ಗಾಳಿ ಬಿಟ್ಟ ರೈಫಲ್‌ನಲ್ಲಿ ಇಯರ್ ಬಡ್ ಒಂದನ್ನು ಒಳಗೆ ತಿರುಗಿಸಿ ಹೊರಗೆಳೆಯಿರಿ, ಹತ್ತಿಯ ಎಳೆ ಸಿಕ್ಕಿಕೊಂಡ ಜಾಗದಲ್ಲಿ ಬರ್ (ಲೋಹದ ಸಣ್ಣ ಮುಳ್ಳು) ಇದೆ. ಇದಕ್ಕೆ ಎಮರಿ ಕಾಗದ ಹಿಡಿಯುವುದು ಬ್ಯಾರಲ್ ಕೆಡಿಸುವ ಕೆಲಸ. ಅನುಭವವಿರುವ ಆರ್ಮರರ್ (ಬಂದೂಕು ರಿಪೇರಿಗಾರ) ಕೈಗೆ ಕೊಡಿ. ವಾರಂಟಿ ಇರುವಾಗಲೇ ಇದನ್ನು ನೋಡಿಕೊಂಡರೆ ಒಳ್ಳೆಯದು.

ಅರ್ಧದಷ್ಟು ತೊಂದರೆ ಪೆಲೆಟ್ ಆಯ್ಕೆಯಲ್ಲೇ ಇರುತ್ತದೆ. 10 ಮೀಟರ್ ಕಾಗದದ ಗುರಿಗೆ ಎಲ್ಲರಿಗೂ ಚಪ್ಪಟೆ ತಲೆಯ ಮ್ಯಾಚ್ ಪೆಲೆಟ್ ಇಷ್ಟ, ತೂತು ಪಂಚ್ ಹೊಡೆದಂತೆ ಸ್ವಚ್ಛವಾಗಿ ಬೀಳುತ್ತದೆ. ಆದರೆ ಆ ಚಪ್ಪಟೆ ಅಂಚು ಡ್ರಮ್‌ನಿಂದ ಬ್ಯಾರಲಿಗೆ ದಾಟುವಾಗ ಸಣ್ಣ ಮೆಟ್ಟಿಲಿಗೂ ತಗುಲಿ ನಿಲ್ಲುತ್ತದೆ. ಆರ್‌ಡಬ್ಲ್ಯುಎಸ್ ಆರ್10 ಥರದ 0.53 ಗ್ರಾಂ ಮ್ಯಾಚ್ ಪೆಲೆಟ್ ಬಹಳ ಒಳ್ಳೆಯದು, ಆದರೆ ಅದನ್ನು ಟ್ರೇಯಲ್ಲೇ ಬಳಸಿ. ಮ್ಯಾಗಜಿನ್‌ಗೆ ಗುಂಡು ತಲೆಯದೇ ಬೇಕು. ಜೆಎಸ್‌ಬಿ ಎಕ್ಸಾಕ್ಟ್ 8.44 ಗ್ರೇನ್, ಅಂದರೆ 0.547 ಗ್ರಾಂ, ಇದರಲ್ಲಿ ಸಲೀಸಾಗಿ ಓಡುತ್ತದೆ. ಚೂಪು ತಲೆಯ, ಪ್ಲಾಸ್ಟಿಕ್ ತುದಿಯ ಉದ್ದನೆಯ ಪೆಲೆಟ್‌ಗಳು ಡ್ರಮ್ಮಿನ ದಪ್ಪಕ್ಕಿಂತ ಹೊರಚಾಚಿದರೆ ಮುಚ್ಚಳಕ್ಕೆ ಉಜ್ಜುತ್ತವೆ. ಕೊಳ್ಳುವ ಮೊದಲು ವರ್ನಿಯರ್‌ನಲ್ಲಿ ಡ್ರಮ್ಮಿನ ದಪ್ಪ ಅಳೆದಿಟ್ಟುಕೊಳ್ಳಿ. ಕೊರಿಯರ್‌ನಲ್ಲಿ ಕುಲುಕಿ ಬಂದ ಡಬ್ಬಿಯಲ್ಲಿ ಸ್ಕರ್ಟ್ ಜಜ್ಜಿದವು ಇದ್ದೇ ಇರುತ್ತವೆ. ಗಾಜಿನ ಮೇಲೆ ಉರುಳಿಸಿದರೆ ಅವು ಕುಪ್ಪಳಿಸುತ್ತವೆ, ಅವನ್ನು ಬೇರೆ ಇಡಿ.

ತುಂಬುವ ಕ್ರಮ ತಪ್ಪಿದರೂ ಸಿಕ್ಕಿಕೊಳ್ಳುತ್ತದೆ. ಮುಚ್ಚಳವನ್ನು ಕೊನೆಯವರೆಗೆ ತಿರುಗಿಸಿ ಹಿಡಿದು, ಮ್ಯಾಗಜಿನ್ ಮಗುಚಿ, ಮೊದಲ ಪೆಲೆಟ್ಟನ್ನು ಹಿಂದಿನ ತೂತಿನಿಂದ ಸ್ಕರ್ಟ್ ಮುಂದಾಗಿ ತೂರಿಸಬೇಕು. ಡ್ರಮ್ ಹಿಂದಿರುಗದಂತೆ ತಡೆಯುವುದು ಈ ಪೆಲೆಟ್ಟೇ. ಉಳಿದ ಒಂಬತ್ತನ್ನು ಮುಚ್ಚಳದ ಕಡೆಯಿಂದ ತಲೆ ಮುಂದಾಗಿ ಹಾಕುತ್ತಾ ಬನ್ನಿ, ಪ್ರತಿಯೊಂದನ್ನೂ ಬೆರಳ ತುದಿಯಲ್ಲಿ ಒತ್ತಿ, ಮೇಲ್ಮೈಗೆ ಸಮವಾಗಿದೆಯೇ ನೋಡಿ. ಕುಳಿಯೊಳಗಿನ ರಬ್ಬರ್ ರಿಂಗ್ ಒಣಗಿದ್ದರೆ ಪೆಲೆಟ್ ಅಲ್ಲಾಡಿ ಮೂತಿ ಕೆಳಗೆ ಬಗ್ಗುತ್ತದೆ. ಆ ರಿಂಗ್ ಬದಲಿಸಬೇಕು.

ಇನ್ನು ಕೊನೆಯ ಘಟ್ಟ. ಲಿವರ್ ಮುಚ್ಚುವಾಗ ಗರಗರ ಅನ್ನಿಸಿದರೆ ಪ್ರೋಬಿನ ಓ-ರಿಂಗ್ ತೆಗೆದು ನೋಡಿ, ಕಚ್ಚು ಬಿದ್ದಿರುತ್ತದೆ. ಬ್ರೀಚಿನ ಮೇಲೆ ತೆಳು ಟಿಶ್ಯೂ ಪಟ್ಟಿ ಇಟ್ಟು ಹೊಡೆದಾಗ ಅದು ಹಾರಿದರೆ ಗಾಳಿ ಸೋರುತ್ತಿದೆ. ಹೊಸ ರಿಂಗ್‌ಗೆ ಕಂಪನಿಯನ್ನೇ ಕಾಯಬೇಕಿಲ್ಲ. ಒಳವ್ಯಾಸ, ಎಳೆಯ ದಪ್ಪ ಎರಡನ್ನೂ ವರ್ನಿಯರ್‌ನಲ್ಲಿ ಅಳೆದು, ಹಳೆಯದನ್ನೂ ಜೊತೆಗಿಟ್ಟುಕೊಂಡು ಬೆಂಗಳೂರಿನ ಎಸ್‌ಜೆಪಿ ರಸ್ತೆಯಲ್ಲೋ ಪೀಣ್ಯದಲ್ಲೋ ಹೈಡ್ರಾಲಿಕ್ ಸೀಲ್ ಮಾರುವ ಅಂಗಡಿಗೆ ಹೋಗಿ, ನೈಟ್ರೈಲ್ (ರಬ್ಬರ್ ಬಗೆ) 70 ಶೋರ್ (ಗಡಸುತನದ ಅಳತೆ) ಎಂದು ಕೇಳಿ. ನಾಲ್ಕೈದು ಒಟ್ಟಿಗೇ ತಂದಿಡಿ. ಹಾಕುವಾಗ ಶುದ್ಧ ಸಿಲಿಕೋನ್ ಗ್ರೀಸ್ ಮಾತ್ರ, ಅದೂ ಹೊಳಪು ಬರುವಷ್ಟೇ. ಹೊಲಿಗೆ ಮೆಷಿನ್ ಎಣ್ಣೆ, ಡಬ್ಲ್ಯುಡಿ-40 ಯಾವುದೂ ಗಾಳಿ ಓಡುವ ಕಡೆ ತಾಗಬಾರದು. ಭಾರೀ ಒತ್ತಡದ ಗಾಳಿಯಲ್ಲಿ ಪೆಟ್ರೋಲಿಯಂ ಎಣ್ಣೆ ಹೊತ್ತಿಕೊಂಡು ಸಿಡಿಯಬಹುದು.

ಈ ರೈಫಲ್‌ನಲ್ಲಿ ಒಂದು ದೊಡ್ಡ ಕೊರತೆ ಎಂದರೆ ಎರಡು ಪೆಲೆಟ್ ಒಟ್ಟಿಗೆ ತುಂಬದಂತೆ ತಡೆಯುವ ವ್ಯವಸ್ಥೆ ಇಲ್ಲದಿರುವುದು. ಹೊಡೆಯದೇ ಲಿವರನ್ನು ಎರಡನೇ ಸಲ ಎಳೆದು ಮುಂದಕ್ಕೆ ತಂದರೆ ಬ್ಯಾರಲ್‌ನಲ್ಲಿ ಎರಡು ಪೆಲೆಟ್. ಮಾತಾಡುತ್ತಾ ಹೊಡೆಯುವವರಿಗೆ ಇದು ಆಗಿಯೇ ಆಗುತ್ತದೆ. ಅನುಮಾನ ಬಂದರೆ ಮ್ಯಾಗಜಿನ್ ತೆಗೆದು, ಡೀಕಾಕ್ ಮಾಡಿ, ಮೇಲೆ ಹೇಳಿದಂತೆ ರಾಡಿನಿಂದ ತೆಗೆಯಿರಿ. ಸ್ವಲ್ಪ ಹೆಚ್ಚು ದುಡ್ಡು ಕೊಟ್ಟರೆ ಈ ತಡೆ ಇರುವ ಮಾದರಿ ಸಿಗುವುದಾದರೆ, ಮನೆಯಲ್ಲಿ ಹೊಸಬರು ಬಳಸುತ್ತಾರೆಂದರೆ ಅದನ್ನೇ ತೆಗೆದುಕೊಳ್ಳಿ ಎನ್ನುತ್ತೇನೆ.

ಮಳೆಗಾಲದಲ್ಲಿ ಹ್ಯಾಂಡ್ ಪಂಪಿನಿಂದ ತುಂಬುವವರು ಪಂಪಿನ ತೇವ ಹೀರುವ ಸಿಲಿಕಾ ಜೆಲ್ ಬಣ್ಣ ನೋಡುತ್ತಿರಿ, ನಡುನಡುವೆ ನಿಲ್ಲಿಸಿ ಪಂಪ್ ತಣ್ಣಗಾಗಲು ಬಿಡಿ, ಬ್ಲೀಡ್ ಮಾಡಿ ನೀರು ಹೊರಹಾಕಿ. ಜೂನ್‌ನಿಂದ ಅಕ್ಟೋಬರ್‌ವರೆಗೆ ಬೆಂಗಳೂರಿನ ಗಾಳಿಯಲ್ಲಿ ತೇವ ಸಾಕಷ್ಟಿರುತ್ತದೆ.

ಲೈಸೆನ್ಸ್ ಬಗ್ಗೆ ಕೇಳುವವರಿಗೆ: 0.177ಕ್ಕಿಂತ ದೊಡ್ಡ ಬೋರ್ ಅಥವಾ 20 ಜೂಲ್‌ಗಿಂತ ಹೆಚ್ಚಿನ ಶಕ್ತಿ ಇದ್ದರೆ ಲೈಸೆನ್ಸ್ ಬೇಕು. ಹ್ಯಾಮರ್ ಸ್ಪ್ರಿಂಗ್ (ಗಾಳಿಯ ವಾಲ್ವ್‌ಗೆ ಬಡಿಯುವ ಸುತ್ತಿಗೆಯ ಸ್ಪ್ರಿಂಗ್) ಬಿಗಿ ಮಾಡಿ ವೇಗ ಏರಿಸುವವರು ಲೆಕ್ಕ ಹಾಕಿಕೊಳ್ಳಿ, 0.547 ಗ್ರಾಂ ಪೆಲೆಟ್ ಸೆಕೆಂಡಿಗೆ 270 ಮೀಟರ್ ತಲುಪುವಷ್ಟರಲ್ಲಿ 19.9 ಜೂಲ್ ಆಗಿರುತ್ತದೆ. ಅಷ್ಟು ವೇಗ 10 ಮೀಟರ್‌ಗೆ ಬೇಕೂ ಇಲ್ಲ. ಅಪಾರ್ಟ್‌ಮೆಂಟ್ ತಾರಸಿಯಲ್ಲಿ, ಬಾಲ್ಕನಿಯಲ್ಲಿ ಹೊಡೆಯುವ ವಸ್ತು ಇದಲ್ಲ. ಉದ್ದನೆಯ ಕೋಣೆ, ಬಾಗಿಲು ಚಿಲಕ, ಹಿಂದೆ ಗೋಡೆ, ಗೋಡೆಯ ಮುಂದೆ ದಪ್ಪ ಲೋಹದ ತಗಡಿನ ಪೆಲೆಟ್ ಟ್ರ್ಯಾಪ್, ಕಣ್ಣಿಗೆ ಕನ್ನಡಕ. ಸೀಸ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆದೇ ಊಟಕ್ಕೆ ಕೂರಬೇಕು. ಮ್ಯಾಗಜಿನ್ ತೊಳೆದ ನೀರನ್ನು ಅಡುಗೆಮನೆ ಸಿಂಕಿಗೆ ಸುರಿಯಬೇಡಿ.

ಬ್ಯಾರಲ್ ಮತ್ತು ಟ್ರಿಗರ್‌ಗೆ ಐದಕ್ಕೆ ಐದು, ಮ್ಯಾಗಜಿನ್‌ಗೆ ಎರಡೂವರೆ. ಬಿಡಿ ಮ್ಯಾಗಜಿನ್ ಬೇಕಾದರೆ ರೈಫಲ್ ಜೊತೆಯಲ್ಲೇ ಆರ್ಡರ್ ಮಾಡಿ. ಬೇರೆ ಬ್ಯಾಚಿನವು ಸ್ಲಾಟಿನಲ್ಲಿ ಕೂರುವ ಬಿಗಿ ಬೇರೆ ಬೇರೆ ಇರುತ್ತದೆ, ಬಂದ ದಿನವೇ ಚುಕ್ಕಿ ಇಟ್ಟ ಪೆಲೆಟ್ ಪರೀಕ್ಷೆ ಮಾಡಿ, ಸರಿಯಿಲ್ಲದಿದ್ದರೆ ವಾಪಸ್ ಕಳಿಸಿ.