ಅಗ್ಗದ ಲ್ಯಾಪ್‌ಟಾಪ್‌ನ ನಾಲ್ಕು ವರ್ಷಗಳ ಬಳಕೆ: ಬದಲಿಸಿದ ಭಾಗಗಳು, ಬದಲಿಸಲಾಗದೆ ಉಳಿದವು

2021ರ ಕೊನೆಯಲ್ಲಿ ಕೊಂಡ ಈ ಲ್ಯಾಪ್‌ಟಾಪ್ ಇಂದಿಗೂ ನನ್ನ ದಿನನಿತ್ಯದ ಕೆಲಸಕ್ಕೆ ಒದಗುತ್ತಿದೆ. ಕಡಿಮೆ ಬೆಲೆಯ ಸಾಲಿನಲ್ಲಿಯೂ ಇದು ಕೆಳಗಿನ ಮಾದರಿ: ಎರಡು ಕೋರ್‌ಗಳ (ಲೆಕ್ಕ ಮಾಡುವ ಘಟಕಗಳ) ಇಂಟೆಲ್ ಕೋರ್ ಐ3-1115ಜಿ4 ಪ್ರೊಸೆಸರ್, ಮದರ್‌ಬೋರ್ಡಿಗೆ (ಯಂತ್ರದ ಮುಖ್ಯ ಫಲಕಕ್ಕೆ) ಬೆಸುಗೆ ಹಾಕಿದ 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, 15.6 ಇಂಚಿನ, ಟಿಎನ್ ಎಂಬ ಅಗ್ಗದ ಬಗೆಯ ಪರದೆ. ಬರವಣಿಗೆ, ಲೆಕ್ಕದ ಸ್ಪ್ರೆಡ್‌ಶೀಟ್, ವಿಡಿಯೊ ಸಭೆಗಳು, ಬ್ರೌಸರ್‌ನಲ್ಲಿ ಒಟ್ಟಿಗೇ ತೆರೆದಿರುವ ಇಪ್ಪತ್ತು ಮೂವತ್ತು ಟ್ಯಾಬ್‌ಗಳು, ಅಪರೂಪಕ್ಕೊಮ್ಮೆ ಚಿಕ್ಕ ವಿಡಿಯೊ ಕತ್ತರಿಸಿ ಜೋಡಿಸುವುದು, ಇಷ್ಟು ನನ್ನ ಬಳಕೆ. ಈ ಅವಧಿಯಲ್ಲಿ ಒಳಗಿನ ನಾಲ್ಕು ಭಾಗಗಳಿಗೆ ಹಣ ಹಾಕಿದ್ದೇನೆ. ಮೂರು ಸಾರ್ಥಕವಾದವು, ಒಂದು ವ್ಯರ್ಥವಾಯಿತು. ಆದರೆ ನಾನು ಮಾಡಿದ ದೊಡ್ಡ ತಪ್ಪು ಈ ನಾಲ್ಕರಲ್ಲಿ ಯಾವುದೂ ಅಲ್ಲ. ಅದು ಕೊಳ್ಳುವ ದಿನವೇ ಆಗಿಹೋಗಿತ್ತು.

ಆ ದಿನ ಹೆಚ್ಚುಕಡಿಮೆ ಒಂದೇ ಬೆಲೆಗೆ ಎರಡು ಯಂತ್ರಗಳು ನನ್ನ ಮುಂದಿದ್ದವು. ಒಂದರಲ್ಲಿ ಪಕ್ಕದಿಂದ ನೋಡಿದರೂ ಬಣ್ಣ ಅಷ್ಟಾಗಿ ಕೆಡದ ಐಪಿಎಸ್ ಪರದೆಯೂ, ಚಿಪ್‌ಗಳಲ್ಲಿ ಮಾಹಿತಿ ಇಡುವ 256 ಜಿಬಿ ಎಸ್‌ಎಸ್‌ಡಿಯೂ ಇದ್ದವು. ಇನ್ನೊಂದರಲ್ಲಿ ಸಾಧಾರಣ ಪರದೆ, 1 ಟಿಬಿ ಹಾರ್ಡ್ ಡಿಸ್ಕ್. ನಾಲ್ಕು ಪಟ್ಟು ಜಾಗ ಸಿಗುತ್ತದೆಂಬ ಲೆಕ್ಕದಲ್ಲಿ ಎರಡನೆಯದನ್ನು ಆರಿಸಿದೆ. ಯಾವ ಭಾಗವನ್ನು ಆಮೇಲೆ ಸುಲಭವಾಗಿ ಬದಲಿಸಬಹುದೋ ಅದನ್ನು ನೋಡಿ ಕೊಂಡು, ಯಂತ್ರದ ಆಯುಷ್ಯವಿಡೀ ಜೊತೆಗಿರುವುದನ್ನು ಕಡೆಗಣಿಸಿದೆ. ಕಡಿಮೆ ಬೆಲೆಯ ಲ್ಯಾಪ್‌ಟಾಪ್ ಆರಿಸುವವರಿಗೆ ನಾನು ಹೇಳಬೇಕಾದದ್ದೆಲ್ಲ ಈ ಒಂದು ತಪ್ಪಿನೊಳಗೇ ಇದೆ.

ಮೊದಲ ಆರು ತಿಂಗಳು ಹಾರ್ಡ್ ಡಿಸ್ಕ್‌ನಲ್ಲೇ ಕಳೆದೆ. ಗುಂಡಿ ಒತ್ತಿದ ಮೇಲೆ ಯಂತ್ರ ಕೆಲಸಕ್ಕೆ ಸಿದ್ಧವಾಗಲು ಎರಡು ನಿಮಿಷಕ್ಕೂ ಹೆಚ್ಚು ಬೇಕಾಗುತ್ತಿತ್ತು; ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದರೆ ಪ್ರೊಸೆಸರ್ ಬಹುತೇಕ ಬಿಡುವಾಗಿರುತ್ತಿತ್ತು, ಡಿಸ್ಕ್ ಮಾತ್ರ 100 ಪ್ರತಿಶತದಲ್ಲಿ ನಿಂತಿರುತ್ತಿತ್ತು. ಇದರ ಕಾರಣ ಸರಳ. ನಿಮಿಷಕ್ಕೆ 5400 ಸುತ್ತು ತಿರುಗುವ ತಟ್ಟೆ ಒಂದು ಸುತ್ತು ಮುಗಿಸಲು ಸುಮಾರು 11 ಮಿಲಿಸೆಕೆಂಡು ಬೇಕು, ಓದುವ ತಲೆ ಸರಿಯಾದ ಜಾಗಕ್ಕೆ ಸರಿಯಲು ಇನ್ನಷ್ಟು ಸಮಯ ಬೇಕು. ದೊಡ್ಡ ಕಡತವೊಂದನ್ನು ಸಾಲಾಗಿ ಓದುವಾಗ ಇದು ಅಷ್ಟಾಗಿ ಬಾಧಿಸುವುದಿಲ್ಲ. ಆದರೆ ಆಪರೇಟಿಂಗ್ ಸಿಸ್ಟಮ್ ಏಳುವಾಗ ಅಲ್ಲಲ್ಲಿ ಚದುರಿರುವ ಸಾವಿರಾರು ಚಿಕ್ಕ ಕಡತಗಳನ್ನು ಓದಬೇಕಾಗುವುದರಿಂದ ಪ್ರತಿ ಬಾರಿಯ ಈ ಕಾಯುವಿಕೆ ಕೂಡುತ್ತಾ ಹೋಗಿ ನಿಮಿಷಗಳಾಗುತ್ತದೆ. ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯೂ ಇಲ್ಲ, ಸರಿಯುವ ತಲೆಯೂ ಇಲ್ಲ.

ಅದೃಷ್ಟಕ್ಕೆ ಮದರ್‌ಬೋರ್ಡಿನಲ್ಲಿ ತೆಳು ಎಸ್‌ಎಸ್‌ಡಿ ಕಾರ್ಡ್ ಕೂರಿಸುವ ಒಂದು ಎಂ.2 ಸ್ಲಾಟ್ ಖಾಲಿಯಿತ್ತು. ಅದಕ್ಕೆ ಎನ್‌ವಿಎಂಇ ಎಂಬ ವೇಗದ ಬಗೆಯ 512 ಜಿಬಿ ಎಸ್‌ಎಸ್‌ಡಿ ಹಾಕಿದ ದಿನ ಯಂತ್ರ ಹದಿನೈದು ಇಪ್ಪತ್ತು ಸೆಕೆಂಡುಗಳಲ್ಲಿ ಎದ್ದು ನಿಂತಿತು. ಇದನ್ನು ಯಾವ ಅತಿಶಯವೂ ಇಲ್ಲದೆ ಹೇಳುತ್ತೇನೆ: ಹಾರ್ಡ್ ಡಿಸ್ಕ್ ಇರುವ ಲ್ಯಾಪ್‌ಟಾಪ್‌ಗೆ ಎಸ್‌ಎಸ್‌ಡಿ ಹಾಕುವುದರಷ್ಟು ಫಲ ಕೊಡುವ ಬದಲಾವಣೆ ಮತ್ತೊಂದಿಲ್ಲ. ಅದೇ ಹೊತ್ತಿಗೆ ಎಸ್‌ಎಸ್‌ಡಿಗಳ ನಡುವಿನ ವೇಗದ ಪೈಪೋಟಿಗೆ ಮರುಳಾಗಬೇಕಾಗಿಲ್ಲ. ಸಾಟಾ ಎಂಬ ಹಳೆಯ ಬಗೆಯ ಸಂಪರ್ಕದ ಎಸ್‌ಎಸ್‌ಡಿ ಸೆಕೆಂಡಿಗೆ ಸುಮಾರು 550 ಎಂಬಿ ಓದಿದರೆ, ಪಿಸಿಐಇ 3.0 ಎಂಬ ಸಂಪರ್ಕದ ನಾಲ್ಕು ಲೇನ್‌ಗಳನ್ನು (ಮಾಹಿತಿ ಸಾಗುವ ದಾರಿಗಳನ್ನು) ಬಳಸುವ ಎನ್‌ವಿಎಂಇ 3500 ಎಂಬಿವರೆಗೆ ಓದಬಲ್ಲದು. ಆದರೆ ಕಡತ ತೆರೆಯುವುದು, ಬ್ರೌಸರ್ ನಡೆಸುವುದು ಮುಂತಾದ ಕೆಲಸಗಳಲ್ಲಿ ಇವೆರಡರ ನಡುವಿನ ಅಂತರ ನನ್ನ ಅನುಭವಕ್ಕೆ ಬಂದಿಲ್ಲ. ಮನೆಯವರ ಹಳೆಯ ಲ್ಯಾಪ್‌ಟಾಪ್‌ಗೆ ಸಾಟಾ ಎಸ್‌ಎಸ್‌ಡಿ ಹಾಕಿಕೊಟ್ಟಿದ್ದೇನೆ, ಅದೂ ಇದರಷ್ಟೇ ಚುರುಕಾಗಿದೆ.

ಕೊಳ್ಳುವ ಮೊದಲು ಸ್ಲಾಟ್ ಎಂಥದೆಂದು ತಿಳಿದಿರಬೇಕು. ಎಂ.2 ಎಂಬುದು ಆಕಾರದ ಹೆಸರು ಮಾತ್ರ. ಕೆಲವು ಸ್ಲಾಟ್‌ಗಳು ಸಾಟಾ ಮಾತ್ರ ಒಪ್ಪುತ್ತವೆ, ಕೆಲವು ಎನ್‌ವಿಎಂಇ ಮಾತ್ರ. ಉದ್ದವೂ ಮುಖ್ಯ: 2280 ಎಂದರೆ 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದ, 2242 ಕಾರ್ಡಿಗಷ್ಟೇ ಜಾಗವಿರುವ ಯಂತ್ರಗಳೂ ಇವೆ. ಇನ್ನೊಂದು ಮಾತು. ವಿಂಡೋಸ್‌ನಲ್ಲಿ ಡಿಸ್ಕಿನ ಮಾಹಿತಿಗೆ ಬೀಗ ಹಾಕಿಡುವ ಬಿಟ್‌ಲಾಕರ್ ಅಥವಾ ಸಾಧನದ ಗೂಢಲಿಪೀಕರಣ ನಮಗೆ ಅರಿವಿಲ್ಲದೆಯೇ ಚಾಲೂ ಆಗಿರಬಹುದು. ಅದರ ರಿಕವರಿ ಕೀಯನ್ನು ಬೇರೆ ಕಡೆ ಬರೆದಿಟ್ಟುಕೊಂಡ ನಂತರವೇ ಸ್ಕ್ರೂ ಬಿಚ್ಚಬೇಕು. ನಾನು ಬರೆದಿಟ್ಟುಕೊಂಡಿರಲಿಲ್ಲ, ಡಿಸ್ಕ್ ಬದಲಿಸಿದ ಸಂಜೆ ಪರದೆಯ ಮೇಲೆ 48 ಅಂಕಿಗಳ ಕೀ ಕೇಳಿದಾಗ ಎದೆ ಧಸಕ್ಕೆಂದಿತ್ತು. ಕೀ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿದ್ದುದರಿಂದ ಪಾರಾದೆ.

ಎಸ್‌ಎಸ್‌ಡಿ ಹಾಕಿದ ಮೇಲೆ ರ‍್ಯಾಮ್‌ನ ಕೊರತೆ ತೀರಿತೆಂದೇ ಎರಡು ತಿಂಗಳು ನಂಬಿದ್ದೆ. ಅದು ತೀರಿರಲಿಲ್ಲ, ಮರೆಯಾಗಿತ್ತು ಅಷ್ಟೆ. ರ‍್ಯಾಮ್ ತುಂಬಿದಾಗ ಸಿಸ್ಟಮ್ ಅದರ ಒಂದಷ್ಟು ಭಾಗವನ್ನು ಡಿಸ್ಕಿಗೆ ಬರೆದಿಟ್ಟು, ಬೇಕಾದಾಗ ಹಿಂದಕ್ಕೆ ತರುತ್ತದೆ. ಹಾರ್ಡ್ ಡಿಸ್ಕ್‌ನಲ್ಲಿ ಈ ಓಡಾಟ ಅಸಹನೀಯವಾಗಿ ನಿಧಾನ, ಎಸ್‌ಎಸ್‌ಡಿಯಲ್ಲಿ ಸಹಿಸಬಹುದಾದಷ್ಟು. ಆದರೆ ವಿಡಿಯೊ ಸಭೆಯಲ್ಲಿ ಪರದೆ ಹಂಚಿಕೊಂಡು ಸ್ಪ್ರೆಡ್‌ಶೀಟ್ ತೋರಿಸುವಾಗ ನನ್ನ ಧ್ವನಿ ತುಂಡುತುಂಡಾಗಿ ಕೇಳುತ್ತಿದೆ ಎಂದು ಎದುರಿಗಿದ್ದವರು ಹೇಳತೊಡಗಿದರು. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ಸಾಕೆಂದು ಮೈಕ್ರೋಸಾಫ್ಟ್ ಹೇಳಿರುವುದು ನಿಜ. ಅದು ಸಿಸ್ಟಮ್ ನಡೆಯಲು ಬೇಕಾದ ಕನಿಷ್ಠವೇ ಹೊರತು ಅದರ ಮೇಲೆ ನಾವು ಮಾಡುವ ಕೆಲಸಕ್ಕೆ ಬೇಕಾದದ್ದಲ್ಲ. ಸಾಲದ್ದಕ್ಕೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರಗಳಲ್ಲಿ ಗ್ರಾಫಿಕ್ಸ್ ಕೂಡ ಇದೇ ರ‍್ಯಾಮ್‌ನಿಂದ ತನ್ನ ಪಾಲು ತೆಗೆದುಕೊಳ್ಳುತ್ತದೆ.

ಇದ್ದ ಒಂದೇ ರ‍್ಯಾಮ್ ಸ್ಲಾಟ್‌ಗೆ 8 ಜಿಬಿಯ ಡಿಡಿಆರ್4 (ರ‍್ಯಾಮ್‌ನ ಒಂದು ತಲೆಮಾರು) ಕಾರ್ಡ್ ಹಾಕಿ ಒಟ್ಟು 12 ಜಿಬಿ ಮಾಡಿಕೊಂಡೆ. ಬೆಸುಗೆಯ ಜಾಗ, ಸ್ಲಾಟ್ ಎರಡು ಕಡೆಯೂ ರ‍್ಯಾಮ್ ಇದ್ದರೆ ಪ್ರೊಸೆಸರ್ ಎರಡು ದಾರಿಯಿಂದ ಏಕಕಾಲಕ್ಕೆ ಮಾಹಿತಿ ತರಿಸಿಕೊಳ್ಳುತ್ತದೆ. ಅಳತೆ ಸಮನಾಗಿಲ್ಲದ ನನ್ನಂಥ ಜೋಡಿಯಲ್ಲಿಯೂ 4 ಮತ್ತು 4 ಸೇರಿದ 8 ಜಿಬಿಗೆ ಈ ಲಾಭ ಸಿಗುತ್ತದೆ, ಉಳಿದ 4 ಜಿಬಿ ಒಂದೇ ದಾರಿಯಲ್ಲಿ ನಡೆಯುತ್ತದೆ. ಪ್ರೊಸೆಸರ್‌ನೊಳಗಿನ ಗ್ರಾಫಿಕ್ಸ್‌ಗೆ ಇದರಿಂದ ಆಗುವ ಉಪಕಾರ ಹೆಚ್ಚು. ವಿಡಿಯೊ ಜೋಡಿಸುವಾಗ ದೃಶ್ಯ ತಡೆತಡೆದು ಬರುತ್ತಿದ್ದುದು ಅಂದಿಗೆ ನಿಂತಿತು. ಮೂರು ವರ್ಷಗಳಿಂದ ನನ್ನ ಕೆಲಸದಲ್ಲಿ 12 ಜಿಬಿ ತುಂಬಿದ್ದು ಬೆರಳೆಣಿಕೆಯ ಸಲ. ಆದ್ದರಿಂದ 4ರಿಂದ 8ಕ್ಕೋ 12ಕ್ಕೋ ಹೋಗುವುದು ಅಗತ್ಯವೆಂದೂ, 8ರಿಂದ 16ಕ್ಕೆ ಹೋಗುವುದು ಒಳ್ಳೆಯದೆಂದೂ, ಬರಹ, ಲೆಕ್ಕ, ಸಭೆಗಳಿಗಷ್ಟೇ ಯಂತ್ರ ಬಳಸುವವರಿಗೆ 32 ಜಿಬಿ ಅನಗತ್ಯವೆಂದೂ ನನ್ನ ಅಭಿಪ್ರಾಯ.

ರ‍್ಯಾಮ್ ವಿಷಯದಲ್ಲಿ ಕೊಳ್ಳುವ ಮೊದಲೇ ಕೇಳಬೇಕಾದ ಪ್ರಶ್ನೆ ಎಷ್ಟು ಜಿಬಿ ಎಂಬುದಲ್ಲ, ಸ್ಲಾಟ್ ಇದೆಯೇ ಎಂಬುದು. ವಿವರಪಟ್ಟಿಯಲ್ಲಿ ಎಲ್‌ಪಿಡಿಡಿಆರ್ (ಕಡಿಮೆ ವಿದ್ಯುತ್ ಬಳಸುವ ರ‍್ಯಾಮ್) ಎಂದಿದ್ದರೆ ಅದು ಬಹುಮಟ್ಟಿಗೆ ಬೆಸುಗೆ ಹಾಕಿದ್ದೇ ಆಗಿರುತ್ತದೆ. ಅಂಥ ಯಂತ್ರವನ್ನು 8 ಜಿಬಿಯಲ್ಲಿ ಕೊಂಡರೆ ಕೊನೆಯವರೆಗೂ 8 ಜಿಬಿಯೇ. ಡಿಡಿಆರ್5 ಕಾರ್ಡ್ ಡಿಡಿಆರ್4 ಸ್ಲಾಟ್‌ಗೆ ಕೂರುವುದಿಲ್ಲ. ಇನ್ನು ಇಎಂಎಂಸಿ ಸಂಗ್ರಹವಿರುವ ತೀರ ಅಗ್ಗದ ಯಂತ್ರಗಳಲ್ಲಿ ಸಂಗ್ರಹವೂ ಬೆಸುಗೆಯದೇ. ಅದು ಎಸ್‌ಎಸ್‌ಡಿಗಿಂತ ನಿಧಾನ, ತೆಗೆದು ಬದಲಿಸಲೂ ಬರುವುದಿಲ್ಲ.

ಮೂರನೆಯ ವರ್ಷ ಬ್ಯಾಟರಿಯ ಸರದಿ ಬಂತು. ವಿಂಡೋಸ್‌ನ ಬ್ಯಾಟರಿ ವರದಿ ತೆಗೆದು ನೋಡಿದಾಗ, ಹೊಸತರಲ್ಲಿ 36 ವ್ಯಾಟ್-ಗಂಟೆ ಹಿಡಿಯುತ್ತಿದ್ದುದು 21ಕ್ಕೆ ಇಳಿದಿತ್ತು. ಸದಾ ಚಾರ್ಜರ್ ಚುಚ್ಚಿಟ್ಟು, ಪೂರ್ತಿ ತುಂಬಿದ ಸ್ಥಿತಿಯಲ್ಲಿಯೇ, ಬಿಸಿಯಲ್ಲಿ ಬಳಸಿದ್ದರ ಫಲ ಇದು. ಲಿಥಿಯಂ ಅಯಾನ್ ಕೋಶಗಳನ್ನು ಈ ಎರಡೂ ಬೇಗ ಸವೆಸುತ್ತವೆ. ಹೊಸ ಬ್ಯಾಟರಿ ಹಾಕಿದ ಮೇಲೆ ಚಾರ್ಜ್ 80 ಪ್ರತಿಶತಕ್ಕೆ ನಿಲ್ಲುವಂತೆ ತಯಾರಕರ ತಂತ್ರಾಂಶದಲ್ಲಿಯೇ ಇದ್ದ ಆಯ್ಕೆಯನ್ನು ಚಾಲೂ ಮಾಡಿದ್ದೇನೆ. ಮೊದಲ ದಿನವೇ ಮಾಡಿದ್ದರೆ ಈ ಖರ್ಚು ಮುಂದೂಡುತ್ತಿತ್ತು.

ವ್ಯರ್ಥವಾದದ್ದು ವೈಫೈ ಕಾರ್ಡ್. ವೈಫೈ 5ರ ಕಾರ್ಡ್ ತೆಗೆದು ವೈಫೈ 6ರದನ್ನು ಹಾಕಿದೆ; ನನ್ನ ಇಂಟರ್ನೆಟ್ ಸಂಪರ್ಕದ ವೇಗವೇ ಹಳೆಯ ಕಾರ್ಡಿನ ಮಿತಿಗಿಂತ ಕಡಿಮೆಯಿದ್ದುದರಿಂದ ಏನೂ ಬದಲಾಗಲಿಲ್ಲ. ಫ್ಯಾನ್‌ಗಳಿರುವ ತಂಪಿನ ಸ್ಟ್ಯಾಂಡ್ ಕೂಡ ಹಾಗೆಯೇ. ಯಂತ್ರದ ಹಿಂಬದಿ ತೆರೆದು ಫ್ಯಾನ್‌ನಲ್ಲಿ ಕಟ್ಟಿದ್ದ ಧೂಳು ತೆಗೆದು, ಪ್ರೊಸೆಸರ್ ಮೇಲೆ ಒಣಗಿದ್ದ, ಬಿಸಿಯನ್ನು ಹೊರಕ್ಕೆ ಸಾಗಿಸುವ ಥರ್ಮಲ್ ಪೇಸ್ಟ್ ಬದಲಿಸಿದಾಗ ಬಿಸಿಯೂ ಸದ್ದೂ ಎರಡೂ ಇಳಿದವು.

ಪರದೆಯ ಮಾತಿಗೆ ಬರುತ್ತೇನೆ. ಟಿಎನ್ ಪರದೆಯನ್ನು ನೇರ ಎದುರಿನಿಂದ ನೋಡಿದರೆ ಮಾತ್ರ ಬಣ್ಣ ಸರಿಯಾಗಿ ಕಾಣುತ್ತದೆ. ತಲೆ ಸ್ವಲ್ಪ ಮೇಲೆ ಕೆಳಗೆ ಆದರೂ ಕಪ್ಪು ಬೂದಾಗುತ್ತದೆ, ಬಿಳಿ ಹಳದಿಗೆ ತಿರುಗುತ್ತದೆ. ಕಿಟಕಿಯ ಬೆಳಕಿನಲ್ಲಿ ಕುಳಿತರೆ ಅಕ್ಷರ ಓದಲು ಕಣ್ಣು ಕಿರಿದುಮಾಡಬೇಕು. ದಿನಕ್ಕೆ ಎಂಟು ಗಂಟೆ, ನಾಲ್ಕು ವರ್ಷ, ನಾನು ಅತಿ ಹೆಚ್ಚು ನೋಡಿದ ವಸ್ತು ಇದೇ. ಐಪಿಎಸ್ ಫಲಕ ಹಾಕಿಸಬಹುದೇ ಎಂದು ದುರಸ್ತಿಗಾರರೊಬ್ಬರನ್ನು ಕೇಳಿದೆ. ಕನೆಕ್ಟರ್ ಹೊಂದಿದರೆ ಹಾಕಬಹುದು ಎಂದರು, ಆದರೆ ಅದರ ವೆಚ್ಚ ಯಂತ್ರದ ಈಗಿನ ಬೆಲೆಯ ದೊಡ್ಡ ಪಾಲಾಗುತ್ತಿತ್ತು. ಅಷ್ಟರಲ್ಲಿ ಮುಚ್ಚಳದ ಒಂದು ಕೀಲಿನ ಬುಡದಲ್ಲಿ ಪ್ಲಾಸ್ಟಿಕ್ ಬಿರುಕು ಬಿಟ್ಟಿತು. ಕೀಲು ಬಿಗಿಯಾಗಿಯೇ ಇತ್ತು. ಅದನ್ನು ಹಿಡಿದಿದ್ದ ಪ್ಲಾಸ್ಟಿಕ್ ಕಿತ್ತುಬಂದಿತ್ತು. ಈಗ ಅಂಟು ಹಾಕಿ ನಿಲ್ಲಿಸಿದೆ, ಮುಚ್ಚಳವನ್ನು ಒಂದು ಮೂಲೆ ಹಿಡಿದು ಎತ್ತದೆ, ನಡುವೆ ಹಿಡಿದು ನಿಧಾನವಾಗಿ ತೆರೆಯುತ್ತೇನೆ.

ಪ್ರೊಸೆಸರ್ ಕೂಡ ಬದಲಿಸಲಾಗದ ಸಾಲಿಗೇ ಸೇರುತ್ತದೆ. ಅಲ್ಲಿ ಹೆಸರಿಗಿಂತ ಸಂಖ್ಯೆಯನ್ನು ಗಮನಿಸಿ ಓದಬೇಕು. ನನ್ನ ಐ3-1115ಜಿ4ನಲ್ಲಿ 2 ಕೋರ್‌ಗಳಿದ್ದರೆ, ಮುಂದಿನ ತಲೆಮಾರಿನ ಐ3-1215ಯುನಲ್ಲಿ 2 ದೊಡ್ಡವು, 4 ಚಿಕ್ಕವು ಸೇರಿ 6 ಕೋರ್‌ಗಳಿವೆ. ಎರಡರ ಹೆಸರೂ ಐ3. ಎಎಂಡಿಯ ರೈಜೆನ್ 5 7520ಯು ಮತ್ತು 7530ಯು ನಡುವೆ ಒಂದೇ ಅಂಕಿಯ ವ್ಯತ್ಯಾಸ. ಆದರೆ ಮೊದಲನೆಯದು 4 ಕೋರ್‌ಗಳ ಝೆನ್ 2 ವಿನ್ಯಾಸದ್ದು, ಎಲ್‌ಪಿಡಿಡಿಆರ್5 ರ‍್ಯಾಮ್ ಮಾತ್ರ ಒಪ್ಪುವಂಥದು. ಎರಡನೆಯದು 6 ಕೋರ್‌ಗಳ ಝೆನ್ 3, ಡಿಡಿಆರ್4 ಸ್ಲಾಟ್‌ಗಳೊಂದಿಗೂ ಬರುತ್ತದೆ. ಬಳಸಿದ ಯಂತ್ರ ಕೊಳ್ಳುವವರು ಇನ್ನೊಂದು ಗಡಿ ನೋಡಿಕೊಳ್ಳಬೇಕು: ವಿಂಡೋಸ್ 11 ಇಂಟೆಲ್‌ನಲ್ಲಿ ಬಹುತೇಕ 8ನೇ ತಲೆಮಾರಿನಿಂದ ಈಚಿನವುಗಳನ್ನಷ್ಟೇ ಅಧಿಕೃತವಾಗಿ ಒಪ್ಪುತ್ತದೆ, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. 8ನೇ ತಲೆಮಾರಿಗಿಂತ ಹಳೆಯ ಯಂತ್ರವನ್ನು ಲಿನಕ್ಸ್ ಎಂಬ ಬೇರೆ ಆಪರೇಟಿಂಗ್ ಸಿಸ್ಟಮ್ ಬಳಸುವ ಸಿದ್ಧತೆಯಿದ್ದರೆ ಮಾತ್ರ ಕೊಳ್ಳಬಹುದು.

ಇಂದು ಕೊಳ್ಳುವುದಾದರೆ ಮೊದಲು ಐಪಿಎಸ್ ಪರದೆ, ಗಟ್ಟಿ ಕೀಲು, ಒಪ್ಪುವ ಕೀಲಿಮಣೆ, ನಂತರ ಪ್ರೊಸೆಸರ್, ನಂತರ ಖಾಲಿಯಿರುವ ಒಂದು ರ‍್ಯಾಮ್ ಸ್ಲಾಟ್ ಮತ್ತು ಒಂದು ಎಂ.2 ಸ್ಲಾಟ್ ನೋಡುತ್ತೇನೆ. 8 ಜಿಬಿ, 256 ಜಿಬಿ ಎಂದಿದ್ದರೂ ಹಿಂಜರಿಯುವುದಿಲ್ಲ. ಈ ಯಂತ್ರಕ್ಕೆ ಇನ್ನು ಹಣ ಹಾಕುವುದಿಲ್ಲ. ಅಂಟು ಬಿಟ್ಟ ದಿನ ಇದರ ಎಸ್‌ಎಸ್‌ಡಿಯನ್ನು ತೆಗೆದು ಮುಂದಿನದಕ್ಕೆ ಹಾಕಿಕೊಳ್ಳುತ್ತೇನೆ, ಸ್ಲಾಟ್ ಡಿಡಿಆರ್4 ಆಗಿದ್ದರೆ ಆ 8 ಜಿಬಿ ಕಾರ್ಡನ್ನೂ.